ಹಳದಿ ಮಾರ್ಗದ ಪುಟಗಳು

ಆಗಸ್ಟ್ 10, 2025, ಭಾನುವಾರ

ಕೊನೆಗೂ ಬೆಂಗಳೂರು ಮೆಟ್ರೊದ ಹಳದಿ ಮಾರ್ಗ ತೆರೆಯಿತು. ಪ್ರಧಾನಿ ಬಂದು ರಾಗಿಗುಡ್ಡ ನಿಲ್ದಾಣದಲ್ಲಿ ಹಸಿರು ನಿಶಾನೆ ತೋರಿಸಿ, ಎಲೆಕ್ಟ್ರಾನಿಕ್ ಸಿಟಿವರೆಗೆ ರೈಲಿನಲ್ಲೇ ಹೋದರು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19 ಕಿಲೋಮೀಟರಿಗೆ ಚೂರು ಮೇಲೆ, 16 ನಿಲ್ದಾಣ, ಖರ್ಚು ಸುಮಾರು 7,160 ಕೋಟಿ ರೂಪಾಯಿ. ನಾಳೆಯಿಂದ ಎಲ್ಲರೂ ಹತ್ತಬಹುದು.

ಈ ರೈಲಿಗಾಗಿ ಹೊಸೂರು ರಸ್ತೆಯ ಜನ ಬಹಳ ಕಾದಿದ್ದಾರೆ. ಜಯದೇವ ಆಸ್ಪತ್ರೆಯ ಮುಂದಿನ ಹಳೆಯ ಮೇಲ್ಸೇತುವೆಯನ್ನು 2020ರಲ್ಲಿ ಒಡೆದರು. ಕಂಬಗಳು ಎದ್ದವು, ಹಳಿಯೂ ಬಿತ್ತು. ಆಮೇಲೆ ಬೋಗಿಗಳೇ ಬರಲಿಲ್ಲವೆಂದು ಕಟ್ಟಿ ಮುಗಿದ ನಿಲ್ದಾಣಗಳು ಬಾಗಿಲು ಹಾಕಿಕೊಂಡು ನಿಂತವು. ಅಷ್ಟೂ ಕಾಲ ಕೆಳಗೆ ಧೂಳು ಕುಡಿದವರು ಬೊಮ್ಮನಹಳ್ಳಿ, ಹೊಂಗಸಂದ್ರ, ಸಿಂಗಸಂದ್ರದವರು.

ನನಗೆ ಇದು ಶಾಲೆಗೆ ಹೋಗುವ ದಾರಿ. ಮನೆ ಜಯನಗರದಲ್ಲಿ, ಸಮಾಜ ವಿಜ್ಞಾನ ಪಾಠ ಹೇಳುವುದು ಹೊಂಗಸಂದ್ರದ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ. ನಮ್ಮ ಮನೆಗೆಲಸಕ್ಕೆ ಬರುವಾಕೆಯ ಮನೆ ಬೊಮ್ಮನಹಳ್ಳಿಯಲ್ಲಿ. ಬೆಳಿಗ್ಗೆ ಆಕೆ ಈ ಕಡೆ ಬರುವ ಹೊತ್ತಿಗೆ ನಾನು ಆ ಕಡೆ ಹೊರಟಿರುತ್ತೇನೆ. ಟೀವಿ ನೋಡುತ್ತಾ ಕೂತಿದ್ದ ಅತ್ತೆ, “ಇನ್ನು ಅವಳಿಗೂ ಸಲೀಸಾಯ್ತು ಬಿಡು” ಎಂದರು. ಹಾಗೇ ಆಗಲಿ ಎಂಬುದು ನನ್ನ ಆಸೆಯೂ ಹೌದು. ಯಾರಿಗೆ ಎಷ್ಟು ಸಲೀಸಾಗುತ್ತದೆ ಎಂಬುದನ್ನು ಈ ಪುಸ್ತಕದಲ್ಲಿ ಆಗಾಗ ಬರೆದಿಡಬೇಕು.

ಆಗಸ್ಟ್ 12, ಮಂಗಳವಾರ

ನಿನ್ನೆ ಮೆಟ್ರೊ ಹತ್ತಿದವರ ಸಂಖ್ಯೆ ಹತ್ತು ಲಕ್ಷ ದಾಟಿತಂತೆ. ಆ ನೂಕುನುಗ್ಗಲಲ್ಲಿ ಏನೂ ಕಾಣಲಿಲ್ಲ. ಇವತ್ತು ಬಾಗಿಲ ಪಕ್ಕದ ಗಾಜಿಗೆ ಒರಗಿ ನಿಲ್ಲಲು ಜಾಗ ಸಿಕ್ಕಿತು.

ಎತ್ತರದಿಂದ ನೋಡಿದರೆ ಊರಿನ ಗುಟ್ಟೆಲ್ಲ ತಾರಸಿಗಳ ಮೇಲಿದೆ. ಆರ್.ವಿ. ರಸ್ತೆ ಬಿಟ್ಟ ಕೂಡಲೇ ಮರಗಳು. ಮರಗಳ ನಡುವೆ ಸೋಲಾರ್ ಹೀಟರ್, ಕುಂಡಗಳ ಸಾಲು, ಬಟ್ಟೆ ಒಣಗಿಸಲು ಕಟ್ಟಿದ ತಂತಿ, ತಂತಿಯ ಮೇಲೂ ಬೇಕಾದಷ್ಟು ಜಾಗ. ಜಯನಗರ 1948ರಲ್ಲಿ ನಕ್ಷೆ ಹಾಕಿ ಕಟ್ಟಿದ ಬಡಾವಣೆ. ಅಗಲ ರಸ್ತೆ, ಉದ್ಯಾನ, ಆಟದ ಮೈದಾನ, ಅಂಗಡಿಗಳ ಕಾಂಪ್ಲೆಕ್ಸ್ ಎಲ್ಲವೂ ಮನೆಗಳ ಜೊತೆಯಲ್ಲೇ ಬಂದವು. ಮುಂದಿನ ನಿಲ್ದಾಣ ರಾಗಿಗುಡ್ಡ. ಆಂಜನೇಯನ ಗುಡ್ಡದ ಆಸುಪಾಸಿನಲ್ಲೇ ಕೊಳಗೇರಿಯೂ ಇದೆ. ಅಂತರ ನೋಡಲು ಊರ ಹೊರಗೇ ಹೋಗಬೇಕೆಂದಿಲ್ಲ, ಎರಡನೇ ನಿಲ್ದಾಣದಲ್ಲೇ ಕಾಣುತ್ತದೆ.

ಬಿಟಿಎಂ ಬಂದರೆ ಪಿಜಿಗಳು. ಒಂದೊಂದು ಮಹಡಿಗೂ ಉದ್ದಕ್ಕೆ ಒಣಹಾಕಿದ ಜೀನ್ಸು, ಟವೆಲ್ಲು. ಸಿಲ್ಕ್ ಬೋರ್ಡ್ ದಾಟಿದ ಮೇಲೆ ಮರವೇ ಇಲ್ಲ. ಬೊಮ್ಮನಹಳ್ಳಿಯ ಮನೆಗಳು ಗೋಡೆಗೆ ಗೋಡೆ ಅಂಟಿಸಿಕೊಂಡು ನಿಂತಿವೆ. ಮೂರು ಮಹಡಿಯ ಮೇಲೆ ಶೀಟ್ ಹೊದಿಸಿದ ಎರಡು ರೂಮು, ಶೀಟು ಹಾರದಂತೆ ಮೇಲೆ ಇಟ್ಟ ಕಲ್ಲು, ಕಪ್ಪು ಟ್ಯಾಂಕುಗಳು, ಟ್ಯಾಂಕಿನ ಕೆಳಗೆ ಬಾಯಿ ತೆರೆದ ನೀಲಿ ಡ್ರಮ್ಮುಗಳು. ಒಂದು ತಾರಸಿಯಲ್ಲಿ ಒಬ್ಬ ಹುಡುಗ ಅಷ್ಟೇ ಜಾಗದಲ್ಲಿ ಮಗ್ಗಿನಿಂದ ಮೈಮೇಲೆ ನೀರು ಸುರಿದುಕೊಳ್ಳುತ್ತಿದ್ದ. ರೈಲು ಹತ್ತಿರ ಬಂದಾಗ ಗೋಡೆಯ ಮರೆಗೆ ಸರಿದ. ಆ ಮನೆಗಳವರಿಗೆ ಇನ್ನು ಮೇಲೆ ತಾರಸಿಯೂ ಮರೆಯ ಜಾಗವಲ್ಲ.

ಪಕ್ಕದಲ್ಲೇ ಎಲೆಕ್ಟ್ರಾನಿಕ್ ಸಿಟಿಯ ಟೋಲ್ ಮೇಲ್ಸೇತುವೆ. 2010ರಲ್ಲಿ ತೆರೆದದ್ದು, ಉದ್ದ ಹತ್ತಿರಹತ್ತಿರ ಹತ್ತು ಕಿಲೋಮೀಟರ್. ಕಾರಿರುವವರನ್ನು ಅದು ಬೊಮ್ಮನಹಳ್ಳಿ, ಹೊಂಗಸಂದ್ರದ ನೆತ್ತಿಯ ಮೇಲೆ ದಾಟಿಸುತ್ತದೆ. ಕೆಳಗಿನವರಿಗೆ ಅದರಿಂದ ಸಿಕ್ಕದ್ದು ನೆರಳು ಮತ್ತು ಸದ್ದು. ಮೆಟ್ರೊ ಅದಕ್ಕಿಂತ ಬೇರೆ. ಸಿಲ್ಕ್ ಬೋರ್ಡಿಗೂ ಎಲೆಕ್ಟ್ರಾನಿಕ್ ಸಿಟಿಗೂ ನಡುವೆ ಅದು ಆರು ಕಡೆ ನಿಲ್ಲುತ್ತದೆ: ಬೊಮ್ಮನಹಳ್ಳಿ, ಹೊಂಗಸಂದ್ರ, ಕೂಡ್ಲು ಗೇಟ್, ಸಿಂಗಸಂದ್ರ, ಹೊಸ ರೋಡ್, ಬೆರಟೇನ ಅಗ್ರಹಾರ. ಈ ಊರುಗಳ ಹೆಸರನ್ನು ಕನ್ನಡದಲ್ಲಿ, ಸ್ಪಷ್ಟವಾಗಿ, ಗೌರವದಿಂದ ಕೂಗಿ ಹೇಳುವುದು ಕೇಳಿ ನನ್ನ ಶಾಲೆಯ ಮಕ್ಕಳ ಮುಖ ನೆನಪಾಯಿತು.

ಆದರೆ ಬೊಮ್ಮನಹಳ್ಳಿಯಲ್ಲಿ ಹತ್ತಿದವರು ಕಡಿಮೆ. ನನ್ನ ಸುತ್ತ ಇದ್ದವರಲ್ಲಿ ಹೆಚ್ಚಿನವರ ಬೆನ್ನಲ್ಲಿ ಲ್ಯಾಪ್‌ಟಾಪ್ ಚೀಲವಿತ್ತು. ಕೆಳಗೆ ಸರ್ವಿಸ್ ರಸ್ತೆಯಲ್ಲಿ ಊಟದ ಬುತ್ತಿ ಹಿಡಿದ ಹೆಂಗಸರ ಸಾಲು ಎಂದಿನಂತೆ ನಡೆದೇ ಹೋಗುತ್ತಿತ್ತು.

ಆಗಸ್ಟ್ 21, ಗುರುವಾರ

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ತಾಯಿ ಸಹಿ ಮಾಡಲು ಬಂದಿದ್ದರು. ಲಿಂಗಸೂಗೂರು ಕಡೆಯವರು, ಗಾರ್ಮೆಂಟ್ಸ್‌ನಲ್ಲಿ ಟೈಲರ್, ಫ್ಯಾಕ್ಟರಿ ಇರುವುದು ಹೊಸ ರೋಡಿನ ಹತ್ತಿರ. ಮನೆಯಿಂದ ನಿಲ್ದಾಣ ನಡೆದರೆ ಹತ್ತು ನಿಮಿಷ, ಇಳಿದ ಮೇಲೆ ಇನ್ನೊಂದು ಹತ್ತು. ಈ ಮಾರ್ಗ ಅವರಿಗೆಂದೇ ಹಾಕಿದಂತಿದೆ. ರೈಲಿನಲ್ಲಿ ಹೋಗುತ್ತೀರಾ ಎಂದು ಕೇಳಿದೆ.

“ರೈಲು ಛಲೋ ಐತ್ರಿ ಮೇಡಂ. ಹುಡುಗರ್ನ ಕರ್ಕೊಂಡು ಒಂದ್ಸಲ ಹೋಗಿ ಬಂದೀವಿ. ದಿನಾ ಆಗಂಗಿಲ್ರಿ. ಒಂದು ಗಾಡಿ ತಪ್ಪಿತಂದ್ರ ಇಪ್ಪತ್ತೈದು ಮಿನಿಟ್ ನಿಂದ್ರಬೇಕು. ಪಂಚಿಂಗ್ ಹೊತ್ತು ದಾಟಿದ್ರ ಅರ್ಧ ದಿನದ ಪಗಾರ ಹೋತು. ಮ್ಯಾಲ ಸೂಪರ್‌ವೈಸರ್ ಬೈಗಳ ಬ್ಯಾರೆ. ಬಸ್ಸಿನ್ಯಾಗ ರೊಕ್ಕ ಇಲ್ಲ, ನಡೆದ್ರ ಯಾರ ಹಂಗೂ ಇಲ್ಲ.”

ಸದ್ಯ ಮೂರೇ ರೈಲು ಓಡುತ್ತಿವೆ, ಇಪ್ಪತ್ತೈದು ನಿಮಿಷಕ್ಕೊಂದು. ಈ ಇಪ್ಪತ್ತೈದು ನಿಮಿಷ ಎಲ್ಲರಿಗೂ ಒಂದೇ ಅಲ್ಲ ಎಂಬುದು ಆಕೆ ಹೇಳುವವರೆಗೆ ನನಗೆ ಇಷ್ಟು ಚೆನ್ನಾಗಿ ಹೊಳೆದಿರಲಿಲ್ಲ. ಸಾಫ್ಟ್‌ವೇರ್ ಕಂಪನಿಯ ಹುಡುಗ ಅಷ್ಟು ಹೊತ್ತು ಫೋನಿನಲ್ಲೇ ಕೆಲಸ ಶುರು ಮಾಡಬಲ್ಲ. ನಾನು ಮುಖ್ಯೋಪಾಧ್ಯಾಯರಿಗೆ ಒಂದು ಕರೆ ಮಾಡಿ ಹೇಳಬಲ್ಲೆ. ತಿಂಗಳಿಗೆ ಹನ್ನೆರಡು ಸಾವಿರದ ಆಸುಪಾಸು ಎಣಿಸುವ ಹೆಂಗಸಿಗೆ ಅದು ಕೈಬಿಟ್ಟುಹೋಗುವ ಕೂಲಿ. ರೈಲು ಎಷ್ಟು ಬಡವರ ಕೆಲಸಕ್ಕೆ ಬರುತ್ತದೆ ಎಂಬುದನ್ನು ದರಕ್ಕಿಂತ ಮೊದಲು ಅದರ ಹೊತ್ತೇ ತೀರ್ಮಾನಿಸಿಬಿಡುತ್ತದೆ.

ದರದ ಮಾತೂ ಇದೆ. ಈ ವರ್ಷ ಫೆಬ್ರವರಿ 9ರಂದು ಮೆಟ್ರೊ ದರ ಏರಿಸಿದರು. ಗರಿಷ್ಠ ದರ 60 ಇದ್ದದ್ದು 90 ಆಯಿತು. ಗದ್ದಲವಾದ ಮೇಲೆ ಕೆಲವು ಕಡೆ ಸ್ವಲ್ಪ ಇಳಿಸಿದರು, ಅಷ್ಟೇ. ಸ್ಮಾರ್ಟ್ ಕಾರ್ಡ್ ಇದ್ದವರಿಗೆ ಶೇ 5 ರಿಯಾಯಿತಿ, ಜನ ಕಡಿಮೆಯಿರುವ ಹೊತ್ತಿನಲ್ಲಿ ಹತ್ತಿದರೆ ಇನ್ನೂ ಶೇ 5. ಕಾರ್ಡಿಗೆ ಮೊದಲೇ ದುಡ್ಡು ತುಂಬಿಡಬೇಕು. ಜನ ಕಡಿಮೆಯಿರುವ ಹೊತ್ತೆಂದರೆ ಬೆಳಿಗ್ಗೆ ಎಂಟರೊಳಗೆ, ಮಧ್ಯಾಹ್ನ, ರಾತ್ರಿ ಒಂಬತ್ತರ ಮೇಲೆ. ಒಂಬತ್ತಕ್ಕೆ ಪಂಚಿಂಗ್ ಮಾಡಿ ಸಂಜೆ ಬಿಡುವ ಹೆಂಗಸರಿಗೆ ಆ ರಿಯಾಯಿತಿ ಸಿಗುವುದೇ ಇಲ್ಲ. ತಮ್ಮ ಹೊತ್ತನ್ನು ತಾವೇ ಆರಿಸಿಕೊಳ್ಳುವವರಿಗೆ ಅದು ಸಿಗುತ್ತದೆ.

ಇನ್ನೊಂದು ಕಡೆ 2023ರ ಜೂನ್ 11ರಿಂದ ಶಕ್ತಿ ಯೋಜನೆ. ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ನಮ್ಮ ಮನೆಗೆ ಬರುವಾಕೆ ಮೂರು ಮನೆ ಕೆಲಸ ಹಿಡಿಯಲು ಸಾಧ್ಯವಾದದ್ದೇ ಅದರಿಂದ. ಮೆಟ್ರೊದಲ್ಲಿ ಬರಬಾರದೇ ಎಂದು ಅತ್ತೆ ಕೇಳಿದ್ದಕ್ಕೆ, “ಅರವತ್ತು ರೂಪಾಯಿಗೆ ಕಮ್ಮಿ ಇಲ್ಲ ಅಮ್ಮಾ ದಿನಕ್ಕೆ. ಒಂದು ಮನೆ ಸಂಬಳ ರೈಲಿಗೇ ಹೋಗುತ್ತೆ” ಎಂದಳು. ತಿಂಗಳಿಗೆ ಲೆಕ್ಕ ಹಾಕಿದರೆ ಒಂದೂವರೆ ಸಾವಿರ ದಾಟುತ್ತದೆ. ಹಾಗಾಗಿ ನನ್ನ ಪ್ರಯಾಣ ಕಾಲು ಗಂಟೆಗೆ ಇಳಿದಿದೆ, ಆಕೆಯದು ಗಂಟೆಯ ಮೇಲೇ ಉಳಿದಿದೆ. ನಾವಿಬ್ಬರೂ ಓಡಾಡುವುದು ಒಂದೇ ರಸ್ತೆಯ ಮೇಲೆ ಕೆಳಗೆ.

ಸೆಪ್ಟೆಂಬರ್ 3, ಬುಧವಾರ

ನಿನ್ನೆಯಿಂದ ಬಿಬಿಎಂಪಿ ಇಲ್ಲ. ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ಪಾಲಿಕೆಗಳು. ಸ್ಟಾಫ್ ರೂಮಿನಲ್ಲಿ ಇಡೀ ದಿನ ಅದೇ ಮಾತು. ಹತ್ತನೇ ತರಗತಿಯ ಹುಡುಗನೊಬ್ಬ, “ಮಿಸ್, ಈಗ ನಮಗೆ ನೀರು ಜಾಸ್ತಿ ಬಿಡ್ತಾರಾ?” ಎಂದು ಕೇಳಿದ. ಆ ಪ್ರಶ್ನೆ ಹಿಡಿದುಕೊಂಡೇ ಇವತ್ತಿನ ಪಾಠ ಮಾಡಿದೆ.

ಬೋರ್ಡಿನ ಮೇಲೆ ಹಳದಿ ಗೆರೆ ಎಳೆದು ನಿಲ್ದಾಣಗಳ ಕೆಳಗೆ ಇಸವಿಗಳನ್ನು ಬರೆಸಿದೆ. ಕಾವೇರಿ ಮೊದಲ ಹಂತದ ನೀರು ಬೆಂಗಳೂರಿಗೆ ಬಂದದ್ದು 1974ರಲ್ಲಿ. ಬೊಮ್ಮನಹಳ್ಳಿ ಆಗ ಊರಾಚೆಯ ಹಳ್ಳಿ. ಅದು ನಗರಸಭೆಯಾಗಿ, 2007ರಲ್ಲಿ ಬಿಬಿಎಂಪಿಗೆ ಸೇರಿತು. ಆ ವರ್ಷ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಒಟ್ಟಿಗೆ ಸೇರಿಸಿದರು. ಹಳೆಯ ನಗರಸಭೆಗಳ ಪ್ರದೇಶಕ್ಕೆಂದು ನಾಲ್ಕನೇ ಹಂತದ ಎರಡನೇ ಘಟ್ಟದ ನೀರು ಬಂದದ್ದು 2012ರಲ್ಲಿ. 110 ಹಳ್ಳಿಗಳಿಗೆಂದು ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ, ಸೇರಿಸಿಕೊಂಡು ಹದಿನೇಳು ವರ್ಷ ಕಳೆದ ಮೇಲೆ. ಮೊದಲ ಹಂತಕ್ಕೂ ಐದನೆಯದಕ್ಕೂ ನಡುವೆ ಐವತ್ತು ವರ್ಷ. ಜಯನಗರದಿಂದ ಆ ಹಳ್ಳಿಗಳ ಕಡೆಗಿನ ದೂರ ದಾಟಲು ರೈಲಿಗೆ ಅರ್ಧ ಗಂಟೆಯೂ ಬೇಡ. ತೆರಿಗೆ ಕಟ್ಟುವವರ ಪಟ್ಟಿಗೆ ಹಳ್ಳಿಯನ್ನು ಸೇರಿಸಲು ಒಂದು ಅಧಿಸೂಚನೆ ಸಾಕಾಗುತ್ತದೆ. ಕೊಳಾಯಿ ಸೇರಿಸಲು ಒಂದು ತಲೆಮಾರು ಬೇಕಾಯಿತು.

ಮುಂದಕ್ಕೆ ಹೋದರೆ ಎಲೆಕ್ಟ್ರಾನಿಕ್ ಸಿಟಿ. ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯ ಆರ್.ಕೆ. ಬಾಳಿಗರು 1970ರ ದಶಕದಲ್ಲಿ ಕನಸು ಕಂಡು, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಶುರುವಾದದ್ದು. 2013ರಿಂದ ಅದಕ್ಕೆ ತನ್ನದೇ ಕೈಗಾರಿಕಾ ಟೌನ್‌ಷಿಪ್ ಪ್ರಾಧಿಕಾರವಿದೆ. ತೆರಿಗೆ ಎತ್ತುವ ಅಧಿಕಾರವೂ ಅದರದೇ, ರಸ್ತೆ, ದೀಪ, ಚರಂಡಿಯ ಹೊಣೆಯೂ ಅದರದೇ. ಆ ಗಡಿಯೊಳಗೆ ಪಾದಚಾರಿ ಮಾರ್ಗ ನೆಟ್ಟಗಿದೆ, ಗಡಿ ದಾಟಿದರೆ ಕಾಲು ಚರಂಡಿ ಕಲ್ಲಿನ ಮೇಲೆ. ಅದರಾಚೆಯ ಹೆಬ್ಬಗೋಡಿಗೆ ಬೇರೆ ನಗರಸಭೆ, ಬೊಮ್ಮಸಂದ್ರಕ್ಕೆ ಬೇರೆ ಪುರಸಭೆ. ಹದಿನಾರು ನಿಲ್ದಾಣದ ಒಂದೇ ಮಾರ್ಗವನ್ನು ಇಷ್ಟು ಜನ ಯಜಮಾನರು ಹಂಚಿಕೊಂಡಿದ್ದಾರೆ. ದುಡ್ಡಿರುವ ಗಡಿಯ ದುಡ್ಡು ಪಕ್ಕದ ಗಡಿಯ ಗುಂಡಿ ಮುಚ್ಚಲು ಸುಲಭಕ್ಕೆ ಬರುವುದಿಲ್ಲ.

ನಿಲ್ದಾಣಗಳಿಗೂ ದಾನಿಗಳಿದ್ದಾರೆ. ಕೋನಪ್ಪನ ಅಗ್ರಹಾರಕ್ಕೆ ಇನ್ಫೊಸಿಸ್ ಫೌಂಡೇಶನ್ 200 ಕೋಟಿ ಕೊಡಲು ಒಪ್ಪಂದ ಮಾಡಿಕೊಂಡಿತ್ತು, ಹೆಬ್ಬಗೋಡಿಗೆ ಬಯೋಕಾನ್ ಫೌಂಡೇಶನ್ 65 ಕೋಟಿ. ಕೊಟ್ಟದ್ದು ಒಳ್ಳೆಯ ಕೆಲಸ. ಹೊಂಗಸಂದ್ರ, ಕೂಡ್ಲು ಗೇಟಿನವರಿಗೆ ಹಾಗೆ ಕೊಡುವ ನೆರೆಯವರಿಲ್ಲ. ಅದಕ್ಕೇ ಅಲ್ಲಿ ಸರ್ಕಾರದ ಕೈ ಹೆಚ್ಚು ಉದಾರವಾಗಿರಬೇಕು.

ಹುಡುಗನ ಪ್ರಶ್ನೆಗೆ ನಾನು ಹೇಳಿದ ಉತ್ತರ: ಪಾಲಿಕೆ ಐದಾದರೂ ಹತ್ತಾದರೂ ಕೇಳುವವರು ಇದ್ದರೆ ನೀರು ಬರುತ್ತದೆ, ಕೇಳುವುದಕ್ಕೆ ಲೆಕ್ಕ ಗೊತ್ತಿರಬೇಕು.

ಸೆಪ್ಟೆಂಬರ್ 14, ಭಾನುವಾರ

ಈ ವಾರ ನಾಲ್ಕನೇ ರೈಲು ಬಂತು. ಕಾಯುವುದು ಹತ್ತೊಂಬತ್ತು ನಿಮಿಷಕ್ಕೆ ಇಳಿದಿದೆ.

ಲೆಕ್ಕದ ಮಾತು ತಲೆಯಲ್ಲಿ ಉಳಿದಿತ್ತು. 2013ರಲ್ಲಿ ನ್ಯೂಯಾರ್ಕರ್ ಪತ್ರಿಕೆ ಅಲ್ಲಿನ ಸಬ್‌ವೇಯ ಒಂದೊಂದು ಮಾರ್ಗಕ್ಕೂ ನಿಲ್ದಾಣದಿಂದ ನಿಲ್ದಾಣಕ್ಕೆ ಸುತ್ತಲಿನ ಕುಟುಂಬಗಳ ಆದಾಯದ ಗೆರೆ ಹಾಕಿ ತೋರಿಸಿತ್ತು. ಬ್ರಾಂಕ್ಸ್‌ನಲ್ಲಿ ನೆಲಕ್ಕೆ ಒತ್ತಿಕೊಂಡ ಗೆರೆ ಮ್ಯಾನ್‌ಹಟನ್ ಬಂದ ಕೂಡಲೇ ಜಿಗಿಯುತ್ತದೆ. ಲಂಡನ್ನಿನಲ್ಲಿ ಆಯುಸ್ಸನ್ನೇ ಲೆಕ್ಕ ಹಾಕಿದರು. ಜುಬಿಲಿ ಮಾರ್ಗದಲ್ಲಿ ವೆಸ್ಟ್‌ಮಿನ್‌ಸ್ಟರ್‌ನಿಂದ ಪೂರ್ವಕ್ಕೆ ಹೋಗುತ್ತಾ ಒಂದೊಂದು ನಿಲ್ದಾಣಕ್ಕೆ ಹೆಚ್ಚುಕಡಿಮೆ ಒಂದು ವರ್ಷದ ಬದುಕು ಕಡಿಮೆಯಾಗುತ್ತದೆ ಎಂದು ಅಲ್ಲಿನ ಆರೋಗ್ಯ ತಜ್ಞರು ಹೇಳಿದ ಮಾತು ಬಹಳ ಕಡೆ ಹರಡಿತು. ನಮ್ಮಲ್ಲಿ ಹಾಗೆ ಗೆರೆ ಎಳೆಯಲು ಹೊರಟರೆ ಕೈಗೆ ಸಿಗುವ ಜನಗಣತಿ 2011ರದು. ಆಗ ಮೆಟ್ರೊ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ಮಾತ್ರ, ಅದೂ ಅಕ್ಟೋಬರ್‌ನಲ್ಲಿ ಶುರುವಾದದ್ದು. ಮುಂದಿನ ಗಣತಿ 2027ಕ್ಕೆ. ನಡುವೆ ಹೊಸೂರು ರಸ್ತೆಯ ಬದಿಗೆ ಬಂದು ನೆಲೆಸಿದ ರಾಯಚೂರು, ಕಲಬುರಗಿ, ಒಡಿಶಾ, ಅಸ್ಸಾಂ ಕಡೆಯ ಕುಟುಂಬಗಳು ಯಾವ ಪಟ್ಟಿಯಲ್ಲೂ ಸರಿಯಾಗಿ ಇಲ್ಲ. ಲೆಕ್ಕದಲ್ಲಿ ಇಲ್ಲದವರಿಗೆ ಯೋಜನೆಯಲ್ಲೂ ಜಾಗ ಇರುವುದಿಲ್ಲ.

ಆದಾಯ ಕೇಳುವುದು ನಮ್ಮ ಕೆಲಸವಲ್ಲ. ಹಾಗಾಗಿ ಒಂಬತ್ತನೇ ತರಗತಿಯವರಿಗೆ ಬೇರೆ ಲೆಕ್ಕ ಕೊಟ್ಟೆ: ನಿಲ್ದಾಣದ ಮೆಟ್ಟಿಲಿನಿಂದ ನಿಮ್ಮ ಮನೆ ಬಾಗಿಲಿನವರೆಗೆ ಏನೇನಿದೆ, ನಕ್ಷೆ ಬರೆಯಿರಿ. ಪಾದಚಾರಿ ಮಾರ್ಗ, ದೀಪದ ಕಂಬ, ನೀರಿನ ಕೊಳಾಯಿ, ಬಸ್ ನಿಲ್ದಾಣ, ಕ್ಲಿನಿಕ್ಕು, ರೇಷನ್ ಅಂಗಡಿ.

ನಿನ್ನೆ ತಂದುಕೊಟ್ಟ ನಕ್ಷೆಗಳನ್ನು ಇವತ್ತು ಊಟದ ಮೇಜಿನ ಮೇಲೆ ಹರಡಿ ನೋಡಿದೆ. ಹುಡುಗರು ಅಂಗಡಿಗಳನ್ನು ಒಂದೂ ಬಿಡದೆ ಬರೆದಿದ್ದಾರೆ, ನಾಯಿಗಳು ಮಲಗುವ ಜಾಗವೂ ಇದೆ. ಹುಡುಗಿಯರ ನಕ್ಷೆಯಲ್ಲಿ ದೀಪದ ಕಂಬಗಳು. ಉರಿಯುವುದಕ್ಕೆ ಹಳದಿ ಬಣ್ಣ, ಉರಿಯದ್ದಕ್ಕೆ ಕಪ್ಪು. ಇಬ್ಬರು ಹುಡುಗಿಯರು, ಒಬ್ಬರನ್ನೊಬ್ಬರು ಕೇಳದೆಯೇ, ಸರ್ವಿಸ್ ರಸ್ತೆಯಿಂದ ಒಳಗೆ ತಿರುಗುವ ಒಂದೇ ತುಂಡಿಗೆ ಕೆಂಪು ಬಳಿದಿದ್ದಾರೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ: “ಆರೂವರೆ ಆದ ಮೇಲೆ ಇಲ್ಲಿ ಹೋಗಲ್ಲ.” ಬೆಳಕಿಲ್ಲದ ಇನ್ನೂರು ಹೆಜ್ಜೆಗೆ ಹೆದರಿ ಆ ಮಕ್ಕಳು ಸಂಜೆಯ ರೈಲನ್ನೇ ಬಿಡುತ್ತಾರೆ. ಕೋಟಿಗಟ್ಟಲೆ ಖರ್ಚಿನ ನಿಲ್ದಾಣ ಮತ್ತು ಈ ಮನೆಗಳ ನಡುವೆ ಅಡ್ಡವಾಗಿರುವುದು ಉರಿಯದ ನಾಲ್ಕು ಬಲ್ಬು.

ಅಕ್ಟೋಬರ್ 9, ಗುರುವಾರ

ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ನನ್ನನ್ನೂ ಹಾಕಿದ್ದಾರೆ. ಅರವತ್ತು ಪ್ರಶ್ನೆ, ಎಲ್ಲ ಮೊಬೈಲ್ ಆ್ಯಪ್‌ನಲ್ಲಿ. ನನ್ನ ಪಾಲಿಗೆ ಬಂದ ಜಾಗ ಶಾಲೆಗೆ ಹತ್ತಿರದ್ದೇ. ಜನ ಸಮೀಕ್ಷೆಗೆಂದು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ, ಅದು ಅವರ ನಂಬಿಕೆ. ಬಾಗಿಲಲ್ಲಿ ನಿಂತಾಗ ಕಣ್ಣಿಗೆ ಬಿದ್ದದ್ದು, ಆಮೇಲೆ ಟೀ ಕುಡಿಯುತ್ತಾ ಆಡಿದ ಮಾತು, ಅಷ್ಟನ್ನೇ ಬರೆಯುತ್ತೇನೆ.

ಒಂದು ವಠಾರ. ಉದ್ದನೆಯ ಓಣಿ, ಎರಡೂ ಬದಿಗೆ ಒಂದೊಂದೇ ರೂಮಿನ ಮನೆಗಳು, ತುದಿಯಲ್ಲಿ ಎಲ್ಲರಿಗೂ ಸೇರಿ ಬಚ್ಚಲು. ಒಂದು ಮನೆಯ ಗೋಡೆಯಲ್ಲಿ ತೂಗುಹಾಕಿದ ಕ್ಯಾಲೆಂಡರ್. ಹಬ್ಬದ ದಿನಗಳಿಗೆ ಗುರುತಿಲ್ಲ. ನೀರು ಬಂದ ದಿನಕ್ಕೆ ನೀಲಿ ಸುತ್ತು, ಟ್ಯಾಂಕರ್ ಹಾಕಿಸಿದ ದಿನಕ್ಕೆ ಕೆಂಪು ಸುತ್ತು, ಕೆಂಪಿನ ಕೆಳಗೆ ಈ ಮನೆಯ ಪಾಲಿಗೆ ಬಂದ ರೂಪಾಯಿ. ಬಾಗಿಲ ಪಕ್ಕದ ಡ್ರಮ್ಮಿಗೆ ಹಳೇ ಸೀರೆಯ ತುಂಡು ಬಿಗಿದು ಕಟ್ಟಿದ್ದರು. ನಮ್ಮ ಮನೆಯಲ್ಲಿ ಅತ್ತೆ ದಿನಾ ಬೆಳಿಗ್ಗೆ ಅಂಗಳ ತೊಳೆದು ರಂಗೋಲಿ ಹಾಕುತ್ತಾರೆ. ಆ ನೀರಿಗೆ ಯಾವ ಸುತ್ತೂ ಇಲ್ಲ.

ಮಾತಿಗೆ ಕೂತಾಗ ಎಲ್ಲರ ಬಾಯಲ್ಲೂ ಬಾಡಿಗೆ. ಮೆಟ್ರೊ ಬಂತೆಂದು ಓನರ್ ಸಾವಿರ ರೂಪಾಯಿ ಏರಿಸಿದ್ದಾರೆ, ಹೊಸಬರು ಬಂದರೆ ಅಡ್ವಾನ್ಸ್ ಇನ್ನೂ ಜಾಸ್ತಿ ಕೇಳುತ್ತಾರೆ. ಪಕ್ಕದ ವಠಾರವನ್ನು ಕೆಡವಿ ಪಿಜಿ ಕಟ್ಟುತ್ತಿದ್ದಾರೆ. ಅಲ್ಲಿದ್ದವರು ಎಲ್ಲಿಗೆ ಹೋದರು ಎಂದರೆ, “ಒಳಗೆ, ಬೇಗೂರಿನ ಆಚೆ” ಎಂದರು. ಅಲ್ಲಿಂದ ನಿಲ್ದಾಣಕ್ಕೆ ನಡೆಯಲಾಗದು, ಶೇರ್ ಆಟೊ ಬೇಕು. ಬೆಂಗಳೂರು ಎಂಬ ಹೆಸರಿರುವ ಒಂಬತ್ತನೇ ಶತಮಾನದ ವೀರಗಲ್ಲು ಸಿಕ್ಕಿದ್ದು ಅದೇ ಬೇಗೂರಿನಲ್ಲಿ. ಈ ಊರಿಗೆ ಅಷ್ಟು ಹಳೆಯದಾದ ನೆಲವೂ ಈಗ ಬಾಡಿಗೆ ಕಟ್ಟಲಾಗದವರ ಪಾಲಿನ ಅಂಚಾಗಿದೆ.

ರೈಲು ಹತ್ತದವರೂ ರೈಲಿಗೆ ದುಡ್ಡು ಕಟ್ಟುತ್ತಿದ್ದಾರೆ ಎಂಬುದು ಇವತ್ತು ನನಗೆ ಖಚಿತವಾಯಿತು. ತಿಂಗಳಿಗೆ ಸಾವಿರ ರೂಪಾಯಿ, ಬಾಡಿಗೆಯ ರೂಪದಲ್ಲಿ, ಓನರ್ ಕೈಗೆ. ನಿಲ್ದಾಣದಿಂದ ಬೆಲೆ ಏರಿದ್ದು ಜಾಗಕ್ಕೆ. ಆ ಲಾಭ ಜಾಗ ಇದ್ದವನಿಗೆ, ಹೊರೆ ಜಾಗ ಇಲ್ಲದವರಿಗೆ. ಸಾರ್ವಜನಿಕರ ದುಡ್ಡಿನಲ್ಲಿ ಹುಟ್ಟಿದ ಲಾಭದಲ್ಲಿ ಒಂದು ಪಾಲಾದರೂ ಅದೇ ಓಣಿಗಳಿಗೆ ನೀರು, ಬೆಳಕು, ಕಡಿಮೆ ಬಾಡಿಗೆಯ ಮನೆಯಾಗಿ ವಾಪಸು ಬರಬೇಕು.

ಅಕ್ಟೋಬರ್ 12, ಭಾನುವಾರ

ಇವತ್ತೂ ಸಮೀಕ್ಷೆ. ಗಾರ್ಮೆಂಟ್ಸ್‌ನವರು ಮನೆಯಲ್ಲಿ ಸಿಗುವುದು ಭಾನುವಾರವೇ.

ಒಡಿಶಾದ ನಾಲ್ವರು ಹುಡುಗಿಯರು ಒಂದೇ ರೂಮಿನಲ್ಲಿದ್ದಾರೆ. ಅವರ ಆಧಾರ್‌ನಲ್ಲಿ ಇಲ್ಲಿನ ವಿಳಾಸವಿಲ್ಲ, ಹಾಗಾಗಿ ಬಸ್ಸಿನ ಉಚಿತ ಟಿಕೆಟ್ಟೂ ಇಲ್ಲ. ಬಸ್ಸಿಗೂ ದುಡ್ಡು, ರೈಲಿಗೂ ದುಡ್ಡು, ಅದಕ್ಕೇ ನಡಿಗೆ. ಅದೇ ಸಾಲಿನಲ್ಲಿ ಕೂತು ಅದೇ ಅಂಗಿಗೆ ಅವರು ಕಾಲರ್ ಹೊಲಿದರೆ ಪಕ್ಕದ ಕನ್ನಡದ ಹೆಂಗಸು ತೋಳು ಹೊಲಿಯುತ್ತಾಳೆ. ಇಬ್ಬರ ಬಡತನವೂ ಒಂದೇ, ಸವಲತ್ತು ಮಾತ್ರ ಬೇರೆ.

ಪಕ್ಕದ ಮನೆಯ ಹಿರಿಯ ಹೆಂಗಸು 2016ರ ಏಪ್ರಿಲ್ ನೆನಪಿಸಿದರು. ಪಿಎಫ್ ದುಡ್ಡಿನಲ್ಲಿ ಮಾಲೀಕರ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಿತ್ತು. ಬೊಮ್ಮನಹಳ್ಳಿಯ ಫ್ಯಾಕ್ಟರಿಗಳಿಂದ ಹೆಂಗಸರು ಯಾವ ನಾಯಕರೂ ಇಲ್ಲದೆ ಹೊರಬಂದು ಹೊಸೂರು ರಸ್ತೆಯಲ್ಲಿ ಕೂತರು. ಸಾವಿರಾರು ಜನ. ಊರಿನ ಸಂಚಾರವೇ ನಿಂತಿತು, ಲಾಠಿ ಏಟು ಬಿತ್ತು, ಎರಡನೇ ದಿನವೇ ಸರ್ಕಾರ ಆ ನಿಯಮ ಹಿಂತೆಗೆದುಕೊಂಡಿತು. ದೇಶದ ಎಲ್ಲ ಕಾರ್ಮಿಕರಿಗೂ ಅದರಿಂದ ಉಪಕಾರವಾಯಿತು. “ನಾನೂ ಕೂತಿದ್ದೆ ಮಿಸ್ ಅಲ್ಲೇ, ಈಗ ಮೆಟ್ರೊ ಕಂಬ ಇರೋ ಕಡೆ. ಊರಲ್ಲಿ ಅಮ್ಮನ ಆಪರೇಷನ್ನಿಗೆ ಅದೇ ದುಡ್ಡು ಇಟ್ಕೊಂಡಿದ್ದೆ” ಎಂದರು.

ಇವರನ್ನು ಅಸಹಾಯಕರು ಎಂದು ಬರೆದರೆ ಅದು ಸುಳ್ಳು. ತಮಗೆ ಬೇಕಾದದ್ದು ಏನೆಂದು ಇವರಿಗೆ ಗೊತ್ತಿದೆ, ಹೇಳುವ ಧೈರ್ಯವೂ ಇದೆ. ಕೇಳಿಸಿಕೊಳ್ಳುವ ಟೇಬಲ್ಲುಗಳು ಇವರ ಓಣಿಯಿಂದ ದೂರ ಇವೆ, ಇವರ ಬಿಡುವಿನ ಹೊತ್ತಿಗೆ ಅವು ಮುಚ್ಚಿರುತ್ತವೆ.

ನವೆಂಬರ್ 8, ಶನಿವಾರ

ಈ ತಿಂಗಳ ಮೊದಲ ದಿನದಿಂದ ಐದನೇ ರೈಲು ಓಡುತ್ತಿದೆ, ಗಡಿಬಿಡಿಯ ಹೊತ್ತಿನಲ್ಲಿ ಹದಿನೈದು ನಿಮಿಷಕ್ಕೊಂದು. ಬದಲಾವಣೆ ಕಣ್ಣಿಗೆ ಕಾಣುತ್ತಿದೆ. ಲಿಂಗಸೂಗೂರಿನ ತಾಯಿ ತಿಂಗಳ ಮೊದಲ ವಾರ, ಕೈಯಲ್ಲಿ ದುಡ್ಡಿದ್ದಾಗ, ಮೂರು ದಿನ ರೈಲಿನಲ್ಲೇ ಹೋದರಂತೆ. “ಮನಿಗೆ ಬಂದು ಕುಂತ್ರೂ ಕಾಲು ಹರೀಲಿಲ್ರಿ” ಎಂದರು. ರೈಲು ಹತ್ತಿರವಾದಷ್ಟೂ ಜನ ಹತ್ತುತ್ತಾರೆ. ಹತ್ತುವುದಿಲ್ಲ ಎಂಬುದು ಅವರ ಹಟವಲ್ಲ.

ಇವತ್ತು ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ. ಶೌಚಾಲಯದ ಬಾಗಿಲು, ಬಿಸಿಯೂಟದ ಅಡುಗೆಮನೆ ಮುಗಿದ ಮೇಲೆ ಮಕ್ಕಳ ನಕ್ಷೆಗಳನ್ನು ಗೋಡೆಗೆ ಅಂಟಿಸಿ ತೋರಿಸಿದೆ. ಕೆಂಪು ಬಳಿದ ತುಂಡನ್ನು ನೋಡಿದ ಕೂಡಲೇ ಹಿಂದಿನ ಸಾಲಿನಿಂದ ಒಬ್ಬರು, “ಅಲ್ಲೇ ನನ್ನ ಮೊಬೈಲ್ ಕಿತ್ಕೊಂಡು ಹೋಗಿದ್ದು” ಎಂದರು. ಆಮೇಲೆ ಮಾತು ನಿಲ್ಲಲಿಲ್ಲ. ಒಂದು ಗಂಟೆಯಲ್ಲಿ ಮನವಿ ಸಿದ್ಧವಾಯಿತು. ಬರೆದದ್ದು ನಾನು, ಹೇಳಿದ್ದು ಅವರು. ಇಲ್ಲಿಯೂ ಇಳಿಸಿಕೊಳ್ಳುತ್ತೇನೆ.

ಮೊದಲನೆಯದು ಪಾಸು. ಬಿಎಂಟಿಸಿಯಲ್ಲಿ ವಿದ್ಯಾರ್ಥಿಗಳಿಗೆ ಪಾಸಿದೆ, ನಮ್ಮ ಮೆಟ್ರೊದಲ್ಲಿ ವಿದ್ಯಾರ್ಥಿಗಳಿಗೆ ರಿಯಾಯಿತಿಯೇ ಇಲ್ಲ. ಪುಣೆ ಮತ್ತು ನಾಗಪುರದ ಮೆಟ್ರೊಗಳು ವಿದ್ಯಾರ್ಥಿಗಳಿಗೆ ಶೇ 30 ಕಡಿಮೆ ಮಾಡಿವೆ. ಅವರಿಗೆ ಸಾಧ್ಯವಾದದ್ದು ಬೆಂಗಳೂರಿಗೂ ಸಾಧ್ಯ. ಕಡಿಮೆ ಸಂಬಳದ ಕಾರ್ಮಿಕರಿಗೆ ಬಸ್ಸು, ರೈಲು ಎರಡಕ್ಕೂ ನಡೆಯುವ ಒಂದೇ ತಿಂಗಳ ಪಾಸು ಬೇಕು. ಅದರ ಬೆಲೆ ಅವರ ಒಂದು ದಿನದ ಕೂಲಿಯನ್ನು ಮೀರಬಾರದು. ವಿಳಾಸ ಯಾವ ರಾಜ್ಯದ್ದೇ ಇರಲಿ, ಇಲ್ಲಿನ ಫ್ಯಾಕ್ಟರಿಯ ಐಡಿ ಕಾರ್ಡ್ ಸಾಕಾಗಬೇಕು.

ಎರಡನೆಯದು ಹೊತ್ತು. ಬೆಳಿಗ್ಗೆ ಎಂಟರಿಂದ ಒಂಬತ್ತು, ಸಂಜೆ ಐದೂವರೆಯಿಂದ ಏಳು, ಫ್ಯಾಕ್ಟರಿ ಶುರುವಾಗುವ, ಬಿಡುವ ಈ ಹೊತ್ತುಗಳಿಗೆ ಫೀಡರ್ ಬಸ್ಸು ಬೇಗೂರಿನ ಒಳಗಿನವರೆಗೆ ಹೋಗಬೇಕು. ಬಿಎಂಟಿಸಿ ಫೀಡರ್‌ಗಳು ಟೆಕ್ ಪಾರ್ಕಿನ ಗೇಟಿಗೆ ಹೋಗುವಷ್ಟೇ ನಿಯಮಿತವಾಗಿ ವಠಾರದ ಓಣಿಗೂ ಬರಬೇಕು.

ಮೂರನೆಯದು ದಾರಿ. ನಿಲ್ದಾಣದಿಂದ ಸುತ್ತಲಿನ ಅರ್ಧ ಕಿಲೋಮೀಟರಿನಲ್ಲಿ ಪಾದಚಾರಿ ಮಾರ್ಗ, ದೀಪ, ಚರಂಡಿಯ ಮುಚ್ಚಳ. ಮಕ್ಕಳ ನಕ್ಷೆಯನ್ನೇ ಲಗತ್ತಿಸಿದ್ದೇವೆ, ಯಾವ ಕಂಬ ಉರಿಯುವುದಿಲ್ಲ ಎಂದು ಎಂಜಿನಿಯರರು ಹುಡುಕುವ ಕಷ್ಟವೂ ಇಲ್ಲ.

ನಾಲ್ಕನೆಯದನ್ನು ಸೇರಿಸಿದವರು 2016ರ ಏಪ್ರಿಲ್ ನೆನಪಿಸಿದ್ದ ಆ ಹಿರಿಯ ಹೆಂಗಸು: ಇಂಥ ಸಭೆಗಳನ್ನು ಅಧಿಕಾರಿಗಳು ಭಾನುವಾರ ನಡೆಸಬೇಕು, ನಮ್ಮ ಕೂಲಿ ಮುರಿಯದ ದಿನ.

ಮನವಿಯ ಒಂದು ಪ್ರತಿ ಮೆಟ್ರೊ ನಿಗಮಕ್ಕೆ, ಒಂದು ಬಿಎಂಟಿಸಿಗೆ, ಒಂದು ಹೊಸ ಪಾಲಿಕೆಗೆ, ಒಂದು ಶಾಸಕರಿಗೆ. ಸಹಿಗಳಲ್ಲಿ ಹೆಚ್ಚಿನವು ಕನ್ನಡದಲ್ಲಿವೆ, ಕೆಲವು ಒಡಿಯಾದಲ್ಲಿ, ಕೆಲವು ಹೆಬ್ಬೆಟ್ಟು. ನಮ್ಮ ಮನೆಗೆ ಬರುವಾಕೆಯದೂ ನಿನ್ನೆಯೇ ಹಾಕಿಸಿಕೊಂಡಿದ್ದೆ. ಅತ್ತೆ ಕನ್ನಡಕ ತರಿಸಿ ಪೂರ್ತಿ ಓದಿ, “ನನ್ನದೂ ಇರಲಿ” ಎಂದು ಕೆಳಗೆ ರುಜು ಹಾಕಿದರು.

ರೈಲುಮಾರ್ಗ ತಾನಾಗಿ ಊರನ್ನು ಸಮ ಮಾಡುವುದಿಲ್ಲ. ಅದು ಅಂತರವನ್ನು ಕಡಿಮೆಯೂ ಮಾಡಬಲ್ಲದು, ಬಾಡಿಗೆ ಏರಿಸಿ ಬಡವರನ್ನು ಇನ್ನೂ ದೂರ ತಳ್ಳಲೂ ಬಲ್ಲದು. ಎರಡರಲ್ಲಿ ಯಾವುದಾಗುತ್ತದೆ ಎಂಬುದು ದರ, ಹೊತ್ತು ಮತ್ತು ನಿಲ್ದಾಣದ ಕೆಳಗಿನ ಇನ್ನೂರು ಹೆಜ್ಜೆಯಲ್ಲಿದೆ. 7,160 ಕೋಟಿ ಹಾಕಿದ ಸರ್ಕಾರಗಳಿಗೆ ಆ ಇನ್ನೂರು ಹೆಜ್ಜೆ ದೊಡ್ಡ ಖರ್ಚಲ್ಲ. ಸೋಮವಾರ ಮಧ್ಯಾಹ್ನ ರಜೆ ಹಾಕಿದ್ದೇನೆ. ಇಬ್ಬರು ತಾಯಂದಿರು ಜೊತೆಗೆ ಬರುತ್ತಾರೆ. ಅವರ ಅರ್ಧ ದಿನದ ಕೂಲಿಯನ್ನು ಎಸ್‌ಡಿಎಂಸಿ ಸದಸ್ಯರೆಲ್ಲ ಸೇರಿ ಕೊಡುವುದೆಂದು ಸಭೆಯಲ್ಲೇ ಒಪ್ಪಿಯಾಗಿದೆ. ಮನವಿ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೇ ಬರುವುದು.